ಬಿಲ್ಲು ಕೇಳುವ ಬಾಣ: ಕೋಲಿನ ಆಯ್ಕೆ, ಮೊನೆಯ ತೂಕ

ಬಾಣ ಮಾಡುವುದನ್ನು ಕಲಿಯಬೇಕೆಂದು ಬರುವವರು ಮೊದಲು ಕೇಳುವುದು ಒಂದೇ ಮಾತು: ಯಾವ ಕಟ್ಟಿಗೆ ಒಳ್ಳೆಯದು? ಬಿಲ್ಲನ್ನು ನೋಡದೆ ಈ ಪ್ರಶ್ನೆಗೆ ಯಾರೂ ಉತ್ತರ ಹೇಳಲಾರರು. ಆದ್ದರಿಂದ ಕಟ್ಟಿಗೆ ಹುಡುಕುವ ಮೊದಲು ನಿಮ್ಮ ಬಿಲ್ಲನ್ನು ತೂಗಿ. ಮೆಣಸಿನಕಾಯಿ ಚೀಲ ತೂಗುವ ಕೊಕ್ಕೆ ಕಾಟಾ ನಮ್ಮ ಮೇಲವಂಕಿಯಂಥ ಊರಲ್ಲಿ ಯಾರ ಮನೆಯಲ್ಲಾದರೂ ಸಿಗುತ್ತದೆ. ಅದರ ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ, ನೀವು ಬಾಣ ಬಿಡುವಾಗ ಎಷ್ಟು ಎಳೆಯುತ್ತೀರೋ ಅಷ್ಟೇ ಎಳೆದು, ಮುಳ್ಳು ಎಲ್ಲಿ ನಿಂತಿತೆಂದು ಇನ್ನೊಬ್ಬರಿಂದ ನೋಡಿಸಿ. 14 ಕಿಲೊ ಬಂದರೆ ನಿಮ್ಮದು ಸುಮಾರು 31 ಪೌಂಡಿನ ಬಿಲ್ಲು. ಜಗತ್ತಿನ ಬಹುಪಾಲು ಬಿಲ್ಲುಗಾರರು ಲೆಕ್ಕ ಹಾಕುವುದು ಪೌಂಡಿನಲ್ಲೇ ಆದ್ದರಿಂದ ಕಿಲೊವನ್ನು 2.2ರಿಂದ ಗುಣಿಸುವ ರೂಢಿ ಮಾಡಿಕೊಳ್ಳಿ. ಆ ಸಂಖ್ಯೆಯನ್ನು ಬಿಲ್ಲಿನ ಒಳಮೈ ಮೇಲೆ ಬರೆದಿಡಿ. ಇನ್ನು ಮುಂದೆ ಹೇಳುವುದೆಲ್ಲ ಆ ಸಂಖ್ಯೆಗೆ ಅಂಟಿಕೊಂಡಿದೆ.

ಬಾಣ ನೇರವಾಗಿ ಹೋಗುತ್ತದೆ ಎಂದು ನಮ್ಮ ಕಣ್ಣು ಹೇಳುತ್ತದೆ. ಅದು ಪೂರ್ತಿ ನಿಜವಲ್ಲ. ಬಾಣ ಕೂತಿರುವುದು ಬಿಲ್ಲಿನ ಹಿಡಿಯ ಪಕ್ಕದಲ್ಲಿ. ಹೆದೆ ನುಗ್ಗುವುದು ಬಿಲ್ಲಿನ ನಡುವಿಗೆ. ಹಿಂದಿನಿಂದ ಹೆದೆ ತಳ್ಳುವಾಗ ಮುಂದಿನ ಮೊನೆ ತನ್ನ ಭಾರದಿಂದ ತಡೆಯುತ್ತದೆ, ನಡುವೆ ಕೋಲು ಬಾಗುತ್ತದೆ. ಬಾಗಿ, ಮತ್ತೆ ಆಚೆಗೆ ಬಾಗಿ, ಬಿಲ್ಲಿನ ಹಿಡಿಯನ್ನು ಸುತ್ತಿಕೊಂಡು ಹಾಯ್ದು, ಆಮೇಲೆ ಗಾಳಿಯಲ್ಲಿ ನೆಟ್ಟಗಾಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಛಾಯಾಚಿತ್ರಗಳಲ್ಲಿ ಈ ಬಳುಕನ್ನು ಹಿಡಿದು ತೋರಿಸಿದರು. ಕೋಲು ತೀರ ಬಿರುಸಾದರೆ ಅದು ಸುತ್ತಿಕೊಂಡು ಹೋಗದೆ ಹಿಡಿಗೆ ಬಡಿದು ಎಡಕ್ಕೆ ಸಿಡಿಯುತ್ತದೆ. ತೀರ ಮೆತ್ತಗಾದರೆ ಹೆಚ್ಚು ಬಾಗಿ ಬಲಕ್ಕೆ ವಾಲುತ್ತದೆ. ಇದು ಬಲಗೈಯಲ್ಲಿ ಹೆದೆ ಎಳೆಯುವವರ ಲೆಕ್ಕ, ಎಡಗೈಯವರಿಗೆ ತಿರುವುಮುರುವು. ಹಾಗಾಗಿ ಬಾಣ ಮಾಡುವವನು ಮೊದಲು ಹುಡುಕಬೇಕಾದದ್ದು ತನ್ನ ಬಿಲ್ಲಿಗೆ ತಕ್ಕಷ್ಟೇ ಬಾಗುವ ಕೋಲನ್ನು. ಅತಿ ಗಟ್ಟಿ ಮರವೇ ಅತಿ ಒಳ್ಳೆಯ ಬಾಣ ಎಂಬ ನಂಬಿಕೆಯನ್ನು ಈಗಲೇ ಬಿಟ್ಟುಬಿಡಿ.

ಉದ್ದದ ವಿಷಯ ಬೇಗ ಮುಗಿಯುತ್ತದೆ. ಒಂದು ತೆಳು ಕಡ್ಡಿಯನ್ನು ಹೆದೆಗೆ ಹೂಡಿ ಮೆಲ್ಲಗೆ ಪೂರ್ತಿ ಎಳೆಯಿರಿ, ಬಿಲ್ಲಿನ ಹೊರಮೈ ಕಡ್ಡಿಗೆ ತಾಗುವಲ್ಲಿ ಗುರುತು ಹಾಕಿಸಿ, ಅದಕ್ಕೆ ಮೂರು ಸೆಂಟಿಮೀಟರ್ ಸೇರಿಸಿ. ಬಿಲ್ಲಿನಿಂದ ಹಿಂದಕ್ಕೆ ಜಾರುವಷ್ಟು ಗಿಡ್ಡ ಬಾಣ ಹೂಡಿದರೆ ಅದು ನಿಮ್ಮ ಕೈಯನ್ನೇ ತೂರೀತು, ಇದರಲ್ಲಿ ಜಿಪುಣತನ ಬೇಡ. ವಸಿಷ್ಠರ ಹೆಸರಿನಲ್ಲಿರುವ ಸಂಸ್ಕೃತ ಧನುರ್ವೇದ ಹೇಳುವ ಅಳತೆಯೂ ಇದಕ್ಕೆ ದೂರವಿಲ್ಲ: ಉದ್ದ ಎರಡು ಮೊಳಕ್ಕೆ ಒಂದು ಹಿಡಿ ಕಡಿಮೆ, ದಪ್ಪ ಕಿರುಬೆರಳಿನಷ್ಟು. ಈ ಲೇಖನದ ಲೆಕ್ಕಗಳಿಗೆ ನಾವು 75 ಸೆಂಟಿಮೀಟರಿನ ಕೋಲನ್ನು ಇಟ್ಟುಕೊಳ್ಳೋಣ.

ಈಗ ಕಟ್ಟಿಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕೈಗೆ ಸಿಗುವುದರಿಂದಲೇ ಆರಂಭಿಸುತ್ತೇನೆ.

ಕಬ್ಬಿನ ಹೊಲದಲ್ಲಿ ಬೆಳೆದ ಯಾರಿಗೂ ಮೊದಲು ನೆನಪಾಗುವುದು ಸೂಲಂಗಿ. ಹೂ ಬಿಟ್ಟ ಕಬ್ಬಿನ ತುದಿಯಲ್ಲಿ ಗಣ್ಣಿಲ್ಲದೆ ನೀಳವಾಗಿ ಏಳುವ ಆ ಕಡ್ಡಿ ಹಗುರ, ನೆಟ್ಟಗೆ, ನಯ. ಮಕ್ಕಳ ಆಟದ ಬಿಲ್ಲಿಗೆ ಅದು ಚೆನ್ನ. ಆದರೆ ಒಳಗೆ ಬೆಂಡು. ಬಲವಾದ ಬಿಲ್ಲಿಗೆ ಹೂಡಿದರೆ ಹೆದೆ ಬಡಿದ ಏಟಿಗೇ ಸೀಳುತ್ತದೆ. ತೊಗರಿ ಕಟ್ಟಿಗೆಯೂ ಹಾಗೆಯೇ, ಆಟಕ್ಕೆ ಮಾತ್ರ. ಗೋಕಾಕದ ಬಣ್ಣದ ಆಟಿಕೆ ಮಾಡುವವರು ಕೆತ್ತಲು ಸುಲಭವೆಂದು ಹಗುರ ಮೃದು ಕಟ್ಟಿಗೆಯನ್ನು ಆರಿಸುತ್ತಾರೆ. ಹಣ್ಣು, ಗೊಂಬೆ ಮಾಡಲು ಅದೇ ಸರಿ. ಬಾಣಕ್ಕೆ ಹಗುರತನದ ಜೊತೆ ಬಾಗಿ ಮರಳುವ ಗುಣವೂ ಬೇಕು.

ಕರಿಜಾಲಿ ಹೊಲದ ಬದುವಿನಲ್ಲೇ ಇದೆ, ಕುಂಟೆ ಕೂರಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಬಾಣಕ್ಕೆ ಅದು ಭಾರ. ಎಂಟು ಮಿಲಿಮೀಟರ್ ದಪ್ಪದ ನಮ್ಮ ಕೋಲಿನ ಗಾತ್ರ ಸುಮಾರು 38 ಘನ ಸೆಂಟಿಮೀಟರ್. ಜಾಲಿಯಲ್ಲಿ ಮಾಡಿದರೆ ಕೋಲೇ 30 ಗ್ರಾಂ ತೂಗುತ್ತದೆ, ಸರ್ವೆಯಲ್ಲಾದರೆ ಇನ್ನೂ ಹೆಚ್ಚು. ಸಾಗವಾನಿಯಲ್ಲಿ 24–25 ಗ್ರಾಂ, ಸಿಲ್ವರ್ ಓಕ್‌ನಲ್ಲಿ 21ರ ಆಸುಪಾಸು. ಬೇವಿನ ಎಳೆ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉದ್ದಕ್ಕೆ ನೆಟ್ಟಗೆ ಸೀಳುವುದಿಲ್ಲ. ನೀಲಗಿರಿ ಒಣಗುತ್ತ ಒಣಗುತ್ತ ತಿರುಚಿಕೊಳ್ಳುತ್ತದೆ. ಇವೆರಡನ್ನೂ ಹೊಸಬರು ಮುಟ್ಟದಿರುವುದೇ ಲೇಸು.

ನಾನು ಹೊಸಬರಿಗೆ ಹೇಳುವುದು ಸಾಗವಾನಿ, ಇಲ್ಲವೇ ರೈತರು ಈಗ ಸಾಲು ಸಾಲಾಗಿ ನೆಡುತ್ತಿರುವ ಹೆಬ್ಬೇವು. ಸಾಗವಾನಿಯ ಎಳೆ ನೇರ, ನೀರಿಗೆ ಅಷ್ಟಾಗಿ ಉಬ್ಬುವುದಿಲ್ಲ, ಬಡಿಗೇರರ ಅಂಗಡಿಯಲ್ಲಿ ಬಾಗಿಲ ಚೌಕಟ್ಟು ಸೀಳಿ ಉಳಿದ ಪಟ್ಟಿಗಳಲ್ಲೇ ಹತ್ತಾರು ಬಾಣಕ್ಕಾಗುವಷ್ಟು ಸಿಗುತ್ತದೆ. ಹೆಬ್ಬೇವು ಹಗುರ, ಅದೇ ಬಿರುಸು ಬರಬೇಕಾದರೆ ಕೋಲು ಸ್ವಲ್ಪ ದಪ್ಪ ಇರಬೇಕು, ಅಷ್ಟೇ. ಹಗುರ ಮರವೆಂದು ಅನುಮಾನಿಸಬೇಡಿ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲ್ಪಟ್ಟ ಇಂಗ್ಲೆಂಡಿನ ಮೇರಿ ರೋಸ್ ಎಂಬ ಯುದ್ಧನೌಕೆಯಲ್ಲಿ ಸಾವಿರಾರು ಬಾಣಗಳು ಸಿಕ್ಕವು. ನಮ್ಮಲ್ಲಿ ಬಹಳ ಮಂದಿಗೆ ಎಳೆಯಲೂ ಆಗದಂಥ ಭಾರದ ಬಿಲ್ಲುಗಳಿಗೆಂದು ಮಾಡಿದ ಆ ಬಾಣಗಳಲ್ಲಿ ಹೆಚ್ಚಿನವು ಪಾಪ್ಲರ್ ಎಂಬ ಹಗುರ ಮರದವು.

ಮಲೆನಾಡಿನ ಕಡೆ ನಂಟಸ್ತಿಕೆ ಇದ್ದವರಿಗೆ ತಡಸಲು ಎಂಬ ಮರ ಗೊತ್ತಿರಬಹುದು. ಬಾಗಿದರೂ ಮುರಿಯದ ಗುಣಕ್ಕೆ ಹೆಸರಾದ ಅದು ಬಿಲ್ಲಿಗೆ ಹೆಚ್ಚು ಸಲ್ಲುತ್ತದೆ, ಬಾಣಕ್ಕೆ ಕೊಂಚ ಭಾರ.

ಯಾವ ಮರವಾದರೂ ಅದರ ಎಳೆ ಓದಲು ಕಲಿಯದೆ ಬಾಣ ಮಾಡಲಾಗದು. ಪಟ್ಟಿಯನ್ನು ಬಿಸಿಲಿಗೆ ಹಿಡಿದು ಉದ್ದಕ್ಕೂ ನೋಡಿ. ಎಳೆಗಳು ಈ ತುದಿಯಿಂದ ಆ ತುದಿವರೆಗೆ ಹೋಗಬೇಕು. ನಡುವೆ ಎಲ್ಲೋ ಓರೆಯಾಗಿ ಪಕ್ಕದಿಂದ ಹೊರಬಿದ್ದರೆ ಅಲ್ಲೇ ಬಾಣ ಮುರಿಯುತ್ತದೆ, ಅದೂ ಬಿಟ್ಟ ಕ್ಷಣದಲ್ಲಿ, ಕೈಯ ಹತ್ತಿರ. ಗರಗಸ ಎಳೆಯನ್ನು ಕೇಳುವುದಿಲ್ಲ, ತನ್ನ ಗೆರೆಯನ್ನು ಕೊಯ್ಯುತ್ತದೆ. ಬಾಚಿಯಿಂದಲೋ ಉಳಿಯಿಂದಲೋ ಸೀಳಿದರೆ ಮರ ತನ್ನ ಎಳೆಯ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಮೊದಲು ಸೀಳಿ, ಆಮೇಲೆ ರಂದಾ ಹೊಡೆಯಿರಿ. ಚೌಕ ಮಾಡಿ, ಮೂಲೆ ತೆಗೆದು ಎಂಟು ಮುಖ ಮಾಡಿ, ಮತ್ತೆ ಹದಿನಾರು ಮಾಡಿ, ಕೊನೆಗೆ ಪಾಲಿಶ್ ಕಾಗದ ಸುತ್ತಿ ಅಂಗೈಯಲ್ಲಿ ತಿರುಗಿಸುತ್ತ ದುಂಡು ಮಾಡುವುದು. ಗಂಟಿದ್ದ ಪಟ್ಟಿಯನ್ನು, ಗಂಟು ಸಾಸಿವೆಯಷ್ಟಿದ್ದರೂ, ಒಲೆಗೆ ಹಾಕಿ.

ಬಿದಿರಿನ ಮಾತು ಬೇರೆಯೇ. ನಮ್ಮ ದೇಶದಲ್ಲಿ ಬಾಣವೆಂದರೆ ಬಹುಪಾಲು ಬಿದಿರು ಇಲ್ಲವೇ ಜೊಂಡು. ಇಂದಿಗೂ ರಾಷ್ಟ್ರಮಟ್ಟದಲ್ಲಿ ನಡೆಯುವ ಇಂಡಿಯನ್ ರೌಂಡ್ ಸ್ಪರ್ಧೆ ಬಿದಿರಿನ ಬಿಲ್ಲಿನದೇ. ಬಿದಿರಿನ ಬಲವೆಲ್ಲ ಹೊರಸಿಪ್ಪೆಯ ಹತ್ತಿರ ಇರುವುದರಿಂದ ಅದನ್ನು ಕೆತ್ತಿ ತೆಳುಮಾಡಿದಷ್ಟೂ ಬಲ ಕಳೆದುಕೊಳ್ಳುತ್ತೀರಿ. ಕಿರುಬೆರಳಿನ ದಪ್ಪದ ಕಡ್ಡಿ ಇಡಿಯಾಗಿ ಸಿಕ್ಕರೆ ಗಣ್ಣನ್ನು ಮಾತ್ರ ಅರದಿಂದ ಉಜ್ಜಿ ಸಮಮಾಡಿ, ಉಳಿದದ್ದನ್ನು ಮುಟ್ಟಬೇಡಿ. ಮೇಲೆ ಹೇಳಿದ ಧನುರ್ವೇದ ಎಳೆಯ ಕಡ್ಡಿ, ಕೆಟ್ಟ ನೆಲದಲ್ಲಿ ಬೆಳೆದದ್ದು, ಬಿರುಕು ಬಿಟ್ಟದ್ದು ಬೇಡವೆನ್ನುತ್ತದೆ. ಚೆನ್ನಾಗಿ ಬಲಿತು ಬಿಳಿಹಳದಿಗೆ ತಿರುಗಿದ್ದನ್ನು, ತಕ್ಕ ಕಾಲದಲ್ಲಿ ಕಡಿದದ್ದನ್ನು ಆರಿಸಲು ಹೇಳುತ್ತದೆ. ಇದರ ಹಿಂದೆ ಗಟ್ಟಿ ಕಾರಣವಿದೆ. ಒಂದೆರಡು ವರ್ಷದ ಬಿದಿರು ಒಣಗುವಾಗ ಸುಕ್ಕಾಗುತ್ತದೆ. ಮೂರು ವರ್ಷ ದಾಟಿದ್ದು ಬೇಕು. ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕಡಿದರೆ ಅದರೊಳಗಿನ ಪಿಷ್ಟ ಕಡಿಮೆ ಇರುತ್ತದೆ, ಹುಳ ಹಿಡಿಯುವುದೂ ಕಡಿಮೆ. ಕಡಿದದ್ದನ್ನು ಹರಿಯುವ ನೀರಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಪಿಷ್ಟ ಇನ್ನಷ್ಟು ತೊಳೆದುಹೋಗುತ್ತದೆ. ಘಟಪ್ರಭೆಯ ದಂಡೆಯಲ್ಲಿ ಇರುವವರಿಗೆ ಇದು ದೊಡ್ಡ ಕೆಲಸವಲ್ಲ. ಆಮೇಲೆ ಎರಡು ಮೂರು ತಿಂಗಳು ನೆರಳಲ್ಲಿ ಒಣಗಲಿ. ಸೊಟ್ಟ ಇದ್ದಲ್ಲಿ ಕೆಂಡದ ಮೇಲೆ ಹದವಾಗಿ ಕಾಯಿಸಿ, ಎದುರು ದಿಕ್ಕಿಗೆ ಬಾಗಿಸಿ, ಆರುವವರೆಗೆ ಹಿಡಿದಿದ್ದರೆ ನೆಟ್ಟಗಾಗುತ್ತದೆ. ಸೊಟ್ಟ ತಿದ್ದಬಹುದು, ಮೆತ್ತಗಿನ ಕಡ್ಡಿಗೆ ಬಿರುಸು ತುಂಬಲಾಗದು. ಆರಿಸುವಾಗ ನೆಟ್ಟಗಿರುವುದಕ್ಕೆ ಮರುಳಾಗದೆ ಬಿರುಸು ನೋಡಿ. ಅರಣ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಅರಣ್ಯದ ಹೊರಗೆ ಬೆಳೆದ ಬಿದಿರು ಕಾನೂನಿನ ಲೆಕ್ಕದಲ್ಲಿ ಮರವಲ್ಲ, ಸ್ವಂತ ಹೊಲದ್ದನ್ನು ಕಡಿಯಲು ತೊಡಕಿಲ್ಲ. ಕಾಡಿನ ಬಿದಿರಿಗೆ ಕೈಹಾಕಬೇಡಿ. ಮೇದಾರರ ಬಳಿ ಹೋಗಿ ಬೇಕಾದ ದಪ್ಪ ಹೇಳಿದರೆ ಅವರ ಕೈಯೇ ಒಳ್ಳೆಯ ಕಡ್ಡಿಯನ್ನು ಎತ್ತಿ ಕೊಡುತ್ತದೆ.

ಕೋಲಿನ ಬಿರುಸನ್ನು ಅಳೆಯುವ ಉಪಾಯ ಮನೆಯಲ್ಲೇ ಇದೆ. ಒಂದು ಹಲಗೆಗೆ 66 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದು, ಕೋಲನ್ನು ಅವುಗಳ ಮೇಲೆ ಅಡ್ಡ ಇಡಿ. ನೀರಿನ ಬಾಟಲಿಯೊಂದನ್ನು ಒಟ್ಟು 907 ಗ್ರಾಂ ಬರುವಂತೆ ತುಂಬಿ, ಕೋಲಿನ ಸರಿ ನಡುವೆ ತೂಗುಹಾಕಿ. ನಡುಭಾಗ ಎಷ್ಟು ಮಿಲಿಮೀಟರ್ ಕೆಳಗಿಳಿಯಿತು ಎಂದು ಹಿಂದೆ ಇಟ್ಟ ಅಳತೆಪಟ್ಟಿಯಲ್ಲಿ ನೋಡಿ. 660ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಆ ಕೋಲು ಎಷ್ಟು ಪೌಂಡಿನ ಬಿಲ್ಲಿಗೆ ಸರಿ ಎಂಬುದು ಬರುತ್ತದೆ. 22 ಮಿಲಿಮೀಟರ್ ಇಳಿದರೆ 30 ಪೌಂಡು, 16.5 ಇಳಿದರೆ 40. ಹಳೆಯ ರೀತಿಯ ಬಿಲ್ಲಿನಲ್ಲಿ ಹಿಡಿ ದಪ್ಪ ಇರುತ್ತದೆ, ಬಾಣ ಹೆಚ್ಚು ಸುತ್ತಿ ಹೋಗಬೇಕಾಗುತ್ತದೆ. ಅಂಥ ಬಿಲ್ಲಿಗೆ ಲೆಕ್ಕಕ್ಕಿಂತ ಐದು ಪೌಂಡು ಕಡಿಮೆಯ ಕೋಲು ಹೊಂದುತ್ತದೆ.

ಕೋಲನ್ನು ಒಂಬತ್ತು ಮಿಲಿಮೀಟರಿಗೆ ಮಾಡಿ ನಿಲ್ಲಿಸಿ, ಅಲ್ಲಿಂದ ಉಜ್ಜುತ್ತ ಅಳೆಯುತ್ತ ಇಳಿಯಿರಿ. ಇಲ್ಲಿ ಅವಸರ ಮಾಡಬೇಡಿ. ದುಂಡು ಕೋಲಿನ ಬಿರುಸು ಅದರ ದಪ್ಪದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. ಎಂಟು ಮಿಲಿಮೀಟರನ್ನು 7.6ಕ್ಕೆ ಇಳಿಸಿದರೆ ತೂಕ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಬಿರುಸು ಮಾತ್ರ ಐದರಲ್ಲಿ ಒಂದು ಪಾಲಿನಷ್ಟು ಇಳಿದುಬಿಡುತ್ತದೆ. ಸಾಗವಾನಿಯ ಎಂಟು ಮಿಲಿಮೀಟರ್ ಕೋಲು 30 ಪೌಂಡಿನ ಹತ್ತಿರ ಬರುವುದು ಸಾಮಾನ್ಯ. ಆದರೆ ಒಂದೇ ಹಲಗೆಯಿಂದ ತೆಗೆದ ಎರಡು ಕೋಲು ಕೂಡ ಒಂದೇ ರೀತಿ ಬಾಗುವುದಿಲ್ಲ. ಅದಕ್ಕೇ ಆರು ಬಾಣ ಬೇಕಿದ್ದರೆ ಹನ್ನೆರಡು ಕೋಲು ಮಾಡಿ, ಅಳೆದು, ಒಂದಕ್ಕೊಂದು ಹೋಲುವ ಆರನ್ನು ಆರಿಸಿ: ಬಾಗುವಲ್ಲಿ ಒಂದು ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಡ, ತೂಕದಲ್ಲಿ ಅರ್ಧ ಗ್ರಾಂ ದಾಟದಿರಲಿ. ಬತ್ತಳಿಕೆಯಲ್ಲಿ ಒಂದು ಅತ್ಯುತ್ತಮ ಬಾಣ ಇರುವುದಕ್ಕಿಂತ ಆರು ಸಾಧಾರಣ ಬಾಣಗಳು ಒಂದೇ ರೀತಿ ಇರುವುದು ಮೇಲು. ಪ್ರತಿ ಬಾಣವೂ ಬೇರೆ ದಾರಿ ಹಿಡಿದರೆ ತಪ್ಪು ನಿಮ್ಮ ಕೈಯದೋ ಕೋಲಿನದೋ ನಿಮಗೆ ತಿಳಿಯುವುದೇ ಇಲ್ಲ, ತಿಳಿಯದಿದ್ದರೆ ಕಲಿಯುವುದೂ ಇಲ್ಲ.

ಇನ್ನು ಮೊನೆಯ ತೂಕ. ಇದು ನನಗೆ ಅತಿ ಪ್ರಿಯವಾದ ಭಾಗ, ಏಕೆಂದರೆ ನಮ್ಮ ಹಿಂದಿನವರು ಇದನ್ನು ತುಂಬ ಸೂಕ್ಷ್ಮವಾಗಿ ಗಮನಿಸಿದ್ದರು. ಧನುರ್ವೇದ ಬಾಣಗಳನ್ನು ಮೂರಾಗಿ ವಿಂಗಡಿಸುತ್ತದೆ. ಮುಂಭಾಗ ದಪ್ಪ ಇರುವುದು ಹೆಣ್ಣು, ಹಿಂಭಾಗ ದಪ್ಪ ಇರುವುದು ಗಂಡು, ಎರಡೂ ಸಮ ಇರುವುದು ನಪುಂಸಕ. ಹೆಣ್ಣುಬಾಣ ದೂರ ಹೋಗುತ್ತದೆ, ಗಂಡುಬಾಣ ಗಟ್ಟಿಯಾದದ್ದನ್ನು ಭೇದಿಸುತ್ತದೆ, ಗುರಿಗೆ ಹೊಡೆದು ಅಭ್ಯಾಸ ಮಾಡಲು ಸಮಬಾಣ ಸರಿ. ಹೆಸರುಗಳು ಆ ಕಾಲದವು. ಆದರೆ ಕೋಲಿನ ಭಾರ ಎಲ್ಲಿ ಕೂತಿದೆ ಎಂಬುದರ ಮೇಲೆ ಬಾಣದ ನಡತೆ ನಿಂತಿದೆ ಎಂಬ ತಿಳಿವಳಿಕೆ ಇಂದಿನ ಬಿಲ್ಲುಗಾರನಿಗೂ ಅಷ್ಟೇ ಬೇಕು. ಬಿದಿರಿನ ಕಡ್ಡಿಯಲ್ಲಿ ಇದನ್ನು ನೀವೇ ನೋಡಬಹುದು. ಬುಡದ ಕಡೆ ದಪ್ಪ, ತುದಿಯ ಕಡೆ ಸಣ್ಣ. ಬುಡವನ್ನು ಮುಂದಿಟ್ಟು ಮೊನೆ ಕೂರಿಸಿದರೆ ಭಾರ ತಾನಾಗಿ ಮುಂದೆ ಬರುತ್ತದೆ.

ಈ ವಿದ್ಯೆ ನಮ್ಮ ಸೀಮೆಯಲ್ಲಿ ಎಂದೋ ಹಿಂದೆ ಸರಿಯಿತು. ಬೇಲೂರಿನ ಬೇಟೆಗಾತಿ ಮದನಿಕೆಯ ಕೈಯಲ್ಲಿ, ಊರೂರಿನ ವೀರಗಲ್ಲುಗಳಲ್ಲಿ ಬಿಲ್ಲು ಉಳಿದಿದೆ. ಮೂಡಲಗಿಯಿಂದ ಬಹು ದೂರವಲ್ಲದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸೆಂಬ ಬ್ರಿಟಿಷರ ಕಾಯ್ದೆಗೆ ಎದುರು ನಿಂತು 19 ಜನ ಗಲ್ಲಿಗೇರಿದಾಗ ಕತ್ತಿ ಬಂದೂಕುಗಳ ಕಾಲ ಬಂದಾಗಿತ್ತು. ಮೊನೆ ಬಡಿಯುವುದು ಹೇಗೆಂದು ಹೇಳಿಕೊಡುವ ಹಿರಿಯರು ಇಂದು ಪಕ್ಕದ ಮನೆಯಲ್ಲಿ ಸಿಗುವುದಿಲ್ಲ. ಹಾಗಾಗಿ ಲೆಕ್ಕದ ನೆರವು ಪಡೆಯೋಣ.

ಮೊದಲು ಒಟ್ಟು ತೂಕ. ಬಿಲ್ಲಿನ ಒಂದೊಂದು ಪೌಂಡಿಗೆ ಬಾಣ ಸುಮಾರು 0.65 ಗ್ರಾಂ ತೂಗಬೇಕು. ಪಾಶ್ಚಾತ್ಯರು ಇದನ್ನೇ ಹತ್ತು ಗ್ರೇನ್ ಎನ್ನುತ್ತಾರೆ. 30 ಪೌಂಡಿನ ಬಿಲ್ಲಿಗೆ ಮೊನೆ, ಗರಿ ಎಲ್ಲ ಸೇರಿ ಸುಮಾರು 20 ಗ್ರಾಂ, 40ರದ್ದಕ್ಕೆ 26. ಇದಕ್ಕಿಂತ ಹೆಚ್ಚಾದರೆ ಬಾಣ ನಿಧಾನವಾಗುತ್ತದೆ, ಬೇರೆ ತೊಂದರೆ ಇಲ್ಲ. ತೀರ ಕಡಿಮೆಯಾದರೆ ಅಪಾಯ. ಬಾಣಕ್ಕೆ ಸೇರಬೇಕಾದ ಶಕ್ತಿ ಬಿಲ್ಲಿನಲ್ಲೇ ಉಳಿದು ಅದರ ಮೈ ಸೀಳುತ್ತದೆ. ಬಾಣವಿಲ್ಲದ ಬರಿ ಹೆದೆಯನ್ನು ಎಳೆದು ಬಿಡಬಾರದು ಎನ್ನುವುದು ಇದೇ ಕಾರಣಕ್ಕೆ.

ಆಮೇಲೆ ಆ ತೂಕ ಎಲ್ಲಿ ಕೂತಿದೆ ಎಂಬುದು. ಬಾಣವನ್ನು ಚಾಕುವಿನ ಅಲಗಿನ ಮೇಲೆ ತೂಗಾಡಿಸಿ, ಸಮ ನಿಲ್ಲುವ ಜಾಗಕ್ಕೆ ಗುರುತು ಹಾಕಿ. 75 ಸೆಂಟಿಮೀಟರ್ ಕೋಲಿನ ನಡು, ಹೆದೆ ಕೂರುವ ಕಚ್ಚಿನಿಂದ 37.5ರಲ್ಲಿದೆ. ಸಮತೂಕದ ಗುರುತು 45ರಲ್ಲಿ ಬಿದ್ದರೆ ಅದು ನಡುವಿಗಿಂತ 7.5 ಮುಂದಿದೆ, ಅಂದರೆ ಉದ್ದದ ನೂರಕ್ಕೆ 10ರಷ್ಟು. ಮರದ ಬಾಣಕ್ಕೆ 8ರಿಂದ 12ರ ನಡುವೆ ಇದ್ದರೆ ಚೆನ್ನ. ಒಂದು ಉದಾಹರಣೆ ಲೆಕ್ಕ ಹಾಕಿ ನೋಡಿ. ಕೋಲು 20 ಗ್ರಾಂ, ಗರಿ 2 ಗ್ರಾಂ ಇರಲಿ. 5 ಗ್ರಾಂ ಮೊನೆ ಹಾಕಿದರೆ ನೂರಕ್ಕೆ 6ರ ಆಸುಪಾಸು ಬರುತ್ತದೆ. ಬಾಣ ಬಾಲ ಅಲ್ಲಾಡಿಸುತ್ತ ಹೋಗುತ್ತದೆ. 8 ಗ್ರಾಂ ಹಾಕಿದರೆ 11ರ ಹತ್ತಿರ, ಹಾರಾಟ ಹದಕ್ಕೆ ಬರುತ್ತದೆ. 12 ಗ್ರಾಂ ಹಾಕಿದರೆ 15 ದಾಟಿ, ದೂರದ ಗುರಿಗೆ ಮೂತಿ ಬೇಗ ಕೆಳಗಾಗುತ್ತದೆ.

ಮೊನೆ ಭಾರವಾದಷ್ಟೂ ಕೋಲು ಬಿಡುವಾಗ ಹೆಚ್ಚು ಬಾಗುತ್ತದೆ, ಅಂದರೆ ಬಾಣ ಮೆತ್ತಗಾದಂತೆ ನಡೆದುಕೊಳ್ಳುತ್ತದೆ. ಈ ಒಂದು ಸಂಗತಿ ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಮುಗಿಯಿತು. ಸ್ಥೂಲವಾಗಿ 8 ಗ್ರಾಂ ಮೊನೆಗೆ ಮೇಲೆ ಹೇಳಿದ ಪೌಂಡಿನ ಲೆಕ್ಕ ಹೊಂದುತ್ತದೆ; ಅದರ ಮೇಲೆ 1.6 ಗ್ರಾಂ ಏರಿಸಿದರೆ ಐದು ಪೌಂಡು ಹೆಚ್ಚು ಬಿರುಸಿನ ಕೋಲು ಬೇಕಾಗುತ್ತದೆ.

ಹಾಗಾದರೆ ನಿಮ್ಮ ಬಿಲ್ಲಿಗೆ ಎಷ್ಟು ಗ್ರಾಂ ಸರಿ? ಕಂಬಾರರ ಸಾಲೆಗೆ ಹೋಗುವ ಮೊದಲು ತಾಮ್ರದ ತಂತಿಯಿಂದ ಕಂಡುಕೊಳ್ಳಿ. ಒಂದು ಮಿಲಿಮೀಟರ್ ದಪ್ಪದ ಬರಿ ತಾಮ್ರದ ತಂತಿ ಮೀಟರಿಗೆ 7 ಗ್ರಾಂ ತೂಗುತ್ತದೆ. ಹಗುರವಾದ ಮೊನೆಯೊಂದನ್ನು ಕೂರಿಸಿ, ಅದರ ಹಿಂದೆಯೇ ಕೋಲಿಗೆ ತಂತಿಯನ್ನು ಒತ್ತಾಗಿ ಸುತ್ತಿ ಮೇಲೆ ಟೇಪು ಹಚ್ಚಿ. ಹತ್ತು ಹೆಜ್ಜೆಯಿಂದ ಗುರಿಗೆ ಬಿಡಿ. ಎಲ್ಲ ಬಾಣಗಳೂ ಎಡಕ್ಕೇ ಗುಂಪಾದರೆ ಕೋಲು ಬಿರುಸು, ಇನ್ನು 23 ಸೆಂಟಿಮೀಟರ್ ತಂತಿ ಸುತ್ತಿ, ಅಂದರೆ 1.6 ಗ್ರಾಂ. ಬಲಕ್ಕೇ ಹೋದರೆ ತಂತಿ ಬಿಚ್ಚಿ. ತಂತಿ ಪೂರ್ತಿ ಬಿಚ್ಚಿದರೂ ಬಲಕ್ಕೇ ಹೋಗುತ್ತಿದ್ದರೆ ಕೋಲನ್ನು ಒಂದೊಂದು ಸೆಂಟಿಮೀಟರ್ ಗಿಡ್ಡ ಮಾಡಬಹುದು, ನಿಮ್ಮ ಎಳೆತಕ್ಕೆ ಬೇಕಾದ ಉದ್ದ ಉಳಿಯುವವರೆಗೆ ಮಾತ್ರ. ಬಾಲ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಅದು ಮೊನೆಯ ದೋಷವಲ್ಲ, ಹೆದೆಯಲ್ಲಿ ನೀವು ಹೂಡುವ ಜಾಗದ್ದು. ಗುಂಪು ನಡುವಿಗೆ ಬಂದಾಗ ತಂತಿಯನ್ನೂ ಮೊನೆಯನ್ನೂ ತೆಗೆದು ಬಂಗಾರದ ಅಂಗಡಿಯ ಚಿಕ್ಕ ಕಾಟಾದಲ್ಲಿ ಒಟ್ಟಿಗೆ ತೂಗಿಸಿ. ಅದೇ ನಿಮ್ಮ ಮೊನೆಯ ತೂಕ.

ಆ ತೂಕದ ಮೊನೆಯನ್ನು ಎಂಟು ಮಿಲಿಮೀಟರ್ ಕಬ್ಬಿಣದ ಸರಳಿನಿಂದ ಲೇತ್‌ನವರಲ್ಲಿ ಮಾಡಿಸಬಹುದು. ಸರಳು ಸೆಂಟಿಮೀಟರಿಗೆ 4 ಗ್ರಾಂ ತೂಗುತ್ತದೆ. ಹಿಂದಿನಿಂದ ಆರು ಮಿಲಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ಆಳದ ತೂತು ಕೊರೆದು, ಮುಂದೆ ಸುಮಾರು 1.2 ಸೆಂಟಿಮೀಟರ್ ಚೂಪು ಮಾಡಿದರೆ ಆರೂವರೆ ಗ್ರಾಂ ಕಬ್ಬಿಣ ಹೊರಟುಹೋಗುತ್ತದೆ. ಆದ್ದರಿಂದ ಮೂರು ಸೆಂಟಿಮೀಟರ್ ತುಂಡಿನಲ್ಲಿ ಕೊನೆಗೆ ಉಳಿಯುವುದು ಐದೂವರೆ ಗ್ರಾಂ ಮಾತ್ರ. ಎಂಟು ಬೇಕಿದ್ದರೆ 3.7 ಸೆಂಟಿಮೀಟರ್ ಕೊಯ್ಯಿಸಿ. ಕೋಲಿನ ತುದಿಯನ್ನು ಆರು ಮಿಲಿಮೀಟರಿಗೆ ಇಳಿಸಿ ಆ ತೂತಿನೊಳಗೆ ಅರಗು ಕಾಯಿಸಿ ಕೂರಿಸಿ. ಕೋಲಿನ ತುದಿಗೆ ಮೊಳೆ ಹೊಡೆದು ಮೊನೆ ಎಂದುಕೊಳ್ಳಬೇಡಿ, ಮೊದಲ ಕಲ್ಲಿಗೇ ಕೋಲು ಇಬ್ಭಾಗವಾಗುತ್ತದೆ. ಬಿದಿರು, ಜೊಂಡಿನ ಕಡ್ಡಿಗೆ ಬೇರೆ ದಾರಿ ಇದೆ: ಹತ್ತು ಸೆಂಟಿಮೀಟರ್ ಜಾಲಿಯ ತುಂಡನ್ನು ಕಡ್ಡಿಯ ಬಾಯಿಗೆ ಸೇರಿಸಿ ಹೊರಗಿನಿಂದ ನೂಲು ಬಿಗಿಯುವುದು. ಕೋಲಿಗೆ ಭಾರವಾದ ಜಾಲಿ ಮುಂದಿನ ತುಂಡಿಗೆ ಹೇಳಿಮಾಡಿಸಿದಂತಿದೆ.

ಗರಿಗೆ ಟರ್ಕಿ ಕೋಳಿ ಅಥವಾ ಬಾತುಕೋಳಿಯ ರೆಕ್ಕೆಯ ಗರಿ ಸಾಕು. ಒಂದು ಬಾಣದ ಮೂರೂ ಗರಿ ಒಂದೇ ಕಡೆಯ ರೆಕ್ಕೆಯವಾಗಿರಲಿ. ಕಚ್ಚನ್ನು ಮರದ ಬಳೆಗೆರೆಗಳಿಗೆ ಅಡ್ಡವಾಗಿ ಕೊಯ್ಯಬೇಕು, ಗೆರೆಯ ಉದ್ದಕ್ಕೆ ಕೊಯ್ದರೆ ಹೆದೆ ಅದನ್ನು ಸೀಳುತ್ತದೆ. ಪಕ್ಕದಿಂದ ನೋಡಿದಾಗ ಎಳೆಯಲ್ಲಿ ಸ್ವಲ್ಪವಾದರೂ ಓರೆ ಇದ್ದರೆ, ಅದು ಹಿಂದಿನಿಂದ ಮುಂದಕ್ಕೆ ಮೇಲೇರುವಂತೆ ಕೋಲನ್ನು ತಿರುಗಿಸಿಕೊಂಡು ಕಚ್ಚು ಕೊಯ್ಯಿರಿ. ಮುಂದೆಂದಾದರೂ ಬಾಣ ಮುರಿದರೂ ಹಿಂದಿನ ತುಂಡಿನ ಸಿಬಿರು ಮೇಲ್ಮುಖವಾಗಿ ಕೈಯನ್ನು ದಾಟಿ ಹೋಗುತ್ತದೆ.

ಗುರಿಗೆ ನಮ್ಮಲ್ಲಿ ಯಥೇಚ್ಛ ಸಿಗುವ ಕಬ್ಬಿನ ರವದಿಯನ್ನು ಗೋಣಿಚೀಲಕ್ಕೆ ಒತ್ತಿ ತುಂಬಿ ಬಳಸಿ, ಹಿಂದೆ ಮಣ್ಣಿನ ದಿಬ್ಬ ಇರಲಿ, ಜನ ದನ ಓಡಾಡುವ ದಾರಿ ಬೇಡ. ಬಾಣ ಇರುವುದು ಈ ಚೀಲಕ್ಕೆ ಮಾತ್ರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಮೊಲವಿರಲಿ ನವಿಲಿರಲಿ, ಅವುಗಳತ್ತ ಬಿಲ್ಲೆತ್ತುವವರಿಗೆ ನಾನು ಈ ವಿದ್ಯೆ ಹೇಳಿಕೊಡುವುದಿಲ್ಲ. ಪ್ರತಿ ಸಲ ಹೂಡುವ ಮೊದಲು ಬಾಣವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ ಕಿವಿಗೊಡಿ. ಚಿಟ್ ಎಂದರೆ ಆ ಬಾಣವನ್ನು ಅಲ್ಲೇ ಮುರಿದು ಹಾಕಿ, ಮೊನೆ ಮಾತ್ರ ಉಳಿಸಿಕೊಳ್ಳಿ.

ಮುಗಿದ ಕೋಲಿಗೆ ಅಗಸೆ ಎಣ್ಣೆ ತೆಳ್ಳಗೆ ಮೂರು ಕೈ ಹಚ್ಚಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು. ಗರಿಯ ಹತ್ತಿರ ಪ್ರತಿ ಬಾಣಕ್ಕೂ ಅಂಕಿ ಬರೆದು, ವಹಿಯಲ್ಲಿ ಅದರ ತೂಕ, ಬಾಗು, ಸಮತೂಕದ ಜಾಗ ದಾಖಲಿಸಿ. ಎಣ್ಣೆ ಕುಡಿದ ಮರವೂ ಮಳೆಗಾಲದ ತೇವ ಎಳೆದುಕೊಂಡು ಭಾರವಾಗುತ್ತದೆ, ಮೆತ್ತಗಾಗುತ್ತದೆ. ಆಷಾಢದಲ್ಲಿ ಬಲಕ್ಕೆ ಹೋದ ಬಾಣ ಕಾರ್ತಿಕದಲ್ಲಿ ನಡುವಿಗೆ ಬರುವುದುಂಟು. ಮಳೆ ನಿಂತು ಒಂದು ತಿಂಗಳಾದ ಮೇಲೆ ಆರನ್ನೂ ಮತ್ತೆ ಅಳೆದು, ವಹಿಯ ಹಳೆಯ ಅಂಕಿಗಳ ಪಕ್ಕದಲ್ಲೇ ಹೊಸದನ್ನು ಬರೆದುಕೊಳ್ಳಿ.